ಕೋಕೋ, ಚಾಕೊಲೇಟು, ಹಾರ್ಟು: ಮೆಡಿಕಲ್ ಅಂಗಡಿ ಕೌಂಟರಲ್ಲಿ ಪದೇ ಪದೇ ಕೇಳೋ ಪ್ರಶ್ನೆಗಳು

ಹಾಸನದಲ್ಲಿ ಮೆಡಿಕಲ್ ಸ್ಟೋರ್ ಇಟ್ಕೊಂಡಿದೀನಿ. 2025ರ ಜೂನ್-ಜುಲೈ ನೆನಪಿದ್ಯಲ್ಲ, 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹಾರ್ಟ್ ಅಟ್ಯಾಕಲ್ಲಿ ಹೋದ್ರು ಅಂತ ಎಲ್ಲಾ ಟಿವಿಲೂ ನಮ್ಮೂರ ಹೆಸರೇ, ಜನ ಗಾಬರಿಯಾಗಿ ಮೈಸೂರು ಜಯದೇವ, ಬೆಂಗಳೂರು ಜಯದೇವ ಅಂತ ಬೆಳಗ್ಗೆ ಕತ್ತಲಲ್ಲೇ ಹೋಗಿ ಕ್ಯೂ ನಿಂತ್ರು. ಆಮೇಲೆ ಆಗ ಜಯದೇವ ಡೈರೆಕ್ಟರ್ ಆಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಕಮಿಟಿ ನೋಡಿ, ಹಠಾತ್ತಾಗಿ ಏನೂ ಏರಿಲ್ಲ, ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳ್ತು. ಆದ್ರೆ ಒಂದ್ಸಲ ಹುಟ್ಟಿದ ಭಯ ಎಲ್ಲಿ ಹೋಗತ್ತೆ. ವಾಟ್ಸಾಪಲ್ಲಿ ಬೆಳ್ಳುಳ್ಳಿ ಬಂತು, ಅರ್ಜುನ ತೊಗಟೆ ಬಂತು, ಹಿಂದೇನೇ ಡಾರ್ಕ್ ಚಾಕೊಲೇಟೂ ಬಂತು. ದಿನಾ ಯಾರಾದ್ರೂ ಒಬ್ರು ಕೇಳ್ತಾರೆ, ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರ್ದಿಡ್ತಿದೀನಿ. ನಾನು ಡಾಕ್ಟ್ರಲ್ಲ, ಫಾರ್ಮಸಿ ಓದಿರೋನು, ಅದನ್ನ ಮನಸ್ಸಲ್ಲಿಟ್ಕೊಂಡು ಓದಿ.

ಡಾರ್ಕ್ ಚಾಕೊಲೇಟ್ ತಿಂದ್ರೆ ಹಾರ್ಟಿಗೆ ಒಳ್ಳೇದಂತೆ, ಹೌದಾ ಅಣ್ಣ?

ಕೋಕೋ ಒಳ್ಳೇದು ಅನ್ನೋದಕ್ಕೆ ಸ್ವಲ್ಪ ಆಧಾರ ಇದೆ. ಚಾಕೊಲೇಟ್ ಒಳ್ಳೇದು ಅನ್ನೋದಕ್ಕೆ ಅಷ್ಟಿಲ್ಲ. ಇವೆರಡೂ ಬೇರೆ ಬೇರೆ, ಇಲ್ಲೇ ಎಲ್ರೂ ಎಡವೋದು. ಕೋಕೋ ಬೀಜದಲ್ಲಿ ಫ್ಲೇವನಾಲ್ ಅಂತ ಒಂದು ಗುಂಪಿನ ವಸ್ತು ಇರತ್ತೆ, ಅದರಲ್ಲಿ ಮುಖ್ಯವಾದ್ದು ಎಪಿಕೆಟೆಚಿನ್, ಬಾಯಿಗೆ ಕಹಿ, ಒಗರು. ಹಾರ್ಟಿಗೆ ಒಳ್ಳೇದು ಅಂತ ಯಾರೇ ಹೇಳಿದ್ರೂ ಅದು ಈ ಒಗರಿನ ಬಗ್ಗೆ. ಆದ್ರೆ ಚಾಕೊಲೇಟ್ ಮಾಡೋ ಕೆಲಸ ಶುರುವಾಗೋದೇ ಈ ಒಗರು ತೆಗೆಯೋದ್ರಿಂದ, ಜನಕ್ಕೆ ಕಹಿ ಬೇಡ ನೋಡಿ. ಬೀಜ ಹುಳಿ ಬರಿಸ್ತಾರೆ, ಹುರೀತಾರೆ, ಕ್ಷಾರ ಹಾಕ್ತಾರೆ, ಒಂದೊಂದು ಹಂತದಲ್ಲೂ ಫ್ಲೇವನಾಲ್ ಸೋರ್ಕೊಂಡು ಹೋಗಿ ಕೊನೆಗೆ ಸಕ್ಕರೆ ಬಂದು ಕೂರತ್ತೆ.

ಹಂಗಾದ್ರೆ ಈ ಮಾತು ಹುಟ್ಟಿದ್ದೆಲ್ಲಿ?

ಪನಾಮಾ ದೇಶದ ಕಡಲ ತೀರದಲ್ಲಿ ಸ್ಯಾನ್ ಬ್ಲಾಸ್ ಅಂತ ದ್ವೀಪಗಳಿವೆ, ಅಲ್ಲಿ ಕೂನಾ ಅನ್ನೋ ಬುಡಕಟ್ಟಿನ ಜನ. ಹಾರ್ವರ್ಡ್‌ನ ನಾರ್ಮನ್ ಹಾಲೆನ್‌ಬರ್ಗ್ ಅನ್ನೋ ಡಾಕ್ಟ್ರು ಅವರನ್ನ ನೋಡಿದ್ರೆ ವಯಸ್ಸಾದ್ರೂ ಬಿಪಿ ಏರ್ತಾನೇ ಇಲ್ಲ, ಉಪ್ಪೇನು ಕಮ್ಮಿ ತಿನ್ನೋರಲ್ಲ. ಅದೇ ಜನ ಪನಾಮಾ ಸಿಟಿಗೆ ಬಂದು ನೆಲೆಸಿದ್ಮೇಲೆ ಬಿಪಿ ಏರೋಕೆ ಶುರುವಾಯ್ತು, ಅಂದ್ರೆ ರಕ್ತದಲ್ಲಿ ಬಂದಿದ್ದಲ್ಲ. ದ್ವೀಪದಲ್ಲಿರೋರು ದಿನಕ್ಕೆ ಎಷ್ಟೋ ಕಪ್ ಕೋಕೋ ಪಾನೀಯ ಕುಡಿಯೋರು. ಇನ್ನೊಂದು ಹಾಲೆಂಡಿನ ಜುಟ್ಫೆನ್ ಅನ್ನೋ ಊರಿಂದ, 470 ವಯಸ್ಸಾದ ಗಂಡಸರನ್ನ 15 ವರ್ಷ ಹಿಂಬಾಲಿಸಿದ್ದು, 2006ರಲ್ಲಿ ಬಂತು, ಕೋಕೋ ಜಾಸ್ತಿ ತಿಂತಿದ್ದೋರಲ್ಲಿ ಹೃದಯ ರಕ್ತನಾಳದ ಕಾಯಿಲೆಯಿಂದ ಸತ್ತೋರು ಹೆಚ್ಚುಕಮ್ಮಿ ಅರ್ಧದಷ್ಟೇ.

ಕೇಳೋಕೆ ಚೆನ್ನಾಗಿದೆ. ಆದ್ರೆ ಇಂಥ ಲೆಕ್ಕದಲ್ಲಿ ಒಂದು ತೊಡಕು. ದ್ವೀಪದ ಜನ ಮೀನು ತಿಂತಾರೆ, ದೋಣಿ ಹುಟ್ಟು ಹಾಕ್ತಾರೆ, ಸಿಟಿ ತಲೆಬಿಸಿ ಇಲ್ಲ, ಇದರಲ್ಲಿ ಯಾವ್ದರ ಪುಣ್ಯ ಅಂತ ಹೆಂಗೆ ಹೇಳೋದು? 2012ರಲ್ಲಿ ಒಬ್ಬ ಡಾಕ್ಟ್ರು ಅಮೆರಿಕದ ದೊಡ್ಡ ಮೆಡಿಕಲ್ ಜರ್ನಲ್‌ನಲ್ಲೇ ಅರ್ಧ ತಮಾಷೆಗೆ ಒಂದು ಲೆಕ್ಕ ಹಾಕಿ ತೋರಿಸಿದ್ರು, ಯಾವ ದೇಶದಲ್ಲಿ ಚಾಕೊಲೇಟ್ ಜಾಸ್ತಿ ತಿಂತಾರೋ ಆ ದೇಶಕ್ಕೆ ನೊಬೆಲ್ ಪ್ರಶಸ್ತಿನೂ ಜಾಸ್ತಿ ಅಂತ. ಹಂಗಂತ ಮಗನಿಗೆ ಪಿಯುಸಿ ಪರೀಕ್ಷೆಗೆ ಮುಂಚೆ ಚಾಕೊಲೇಟ್ ತಿನ್ಸೋಕಾಗತ್ತಾ.

ಒಳಗೆ ಹೋಗಿ ಅದೇನು ಮಾಡತ್ತೆ?

ರಕ್ತನಾಳದ ಒಳಗಡೆ ಒಂದು ತೆಳು ಪದರ ಇದೆ, ಅದು ನೈಟ್ರಿಕ್ ಆಕ್ಸೈಡ್ ಅನ್ನೋ ಗ್ಯಾಸ್ ಬಿಡತ್ತೆ, ಬಿಟ್ಟಾಗ ನಾಳ ಸಡಿಲಾಗಿ ಅಗಲ ಆಗತ್ತೆ. ಈ ಗುಟ್ಟು ಕಂಡುಹಿಡಿದ ಮೂರು ಜನಕ್ಕೆ 1998ರಲ್ಲಿ ನೊಬೆಲ್ ಬಂತು. ಎದೆನೋವಿಗೆ ನಾಲಿಗೆ ಕೆಳಗಿಡೋ ಮಾತ್ರೆ ಕೆಲಸ ಮಾಡೋದೂ ಇದೇ ದಾರಿಲಿ. ಕೋಕೋ ಫ್ಲೇವನಾಲ್ ಆ ಪದರಕ್ಕೆ ಸ್ವಲ್ಪ ಹುರುಪು ಕೊಡತ್ತೆ ಅಷ್ಟೇ. ಬ್ಲಾಕ್ ಆಗಿರೋ ನಾಳ ಅದರಿಂದ ತೆರ್ಕೊಳ್ಳಲ್ಲ, ಇದನ್ನ ಇನ್ನೊಂದ್ಸಲ ಓದ್ಕೊಳಿ, "ಬ್ಲಾಕೇಜ್ ಕರಗಿಸೋ ಚಾಕೊಲೇಟ್" ಅಂತ ಒಂದು ವಿಡಿಯೋ ಓಡಾಡ್ತಿದೆ.

ದೊಡ್ಡ ಮಟ್ಟದಲ್ಲಿ ಯಾರೂ ಪರೀಕ್ಷೆ ಮಾಡಿಲ್ವಾ?

ಮಾಡಿದಾರೆ. ಅಮೆರಿಕದಲ್ಲಿ ಕಾಸ್ಮೋಸ್ ಅಂತ ಟ್ರಯಲ್, 2022ರಲ್ಲಿ ಫಲಿತಾಂಶ ಬಂತು. 21,442 ಜನ, ಎಲ್ಲಾ 60 ದಾಟಿದೋರು. ಅರ್ಧ ಜನಕ್ಕೆ ದಿನಾ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ ಇರೋ ಕ್ಯಾಪ್ಸೂಲ್, ಇನ್ನರ್ಧ ಜನಕ್ಕೆ ಏನೂ ಇಲ್ಲದ ಕ್ಯಾಪ್ಸೂಲ್, ಸುಮಾರು ಮೂರೂವರೆ ವರ್ಷ. ಹಾರ್ಟ್ ಅಟ್ಯಾಕು, ಸ್ಟ್ರೋಕು, ಸ್ಟೆಂಟು ಎಲ್ಲಾ ಸೇರಿಸಿ ನೋಡಿದ್ರೆ 10% ಕಮ್ಮಿ, ಆದ್ರೆ ಅದು ಕಾಕತಾಳೀಯನೂ ಇರಬಹುದು ಅನ್ನೋ ಮಟ್ಟದಲ್ಲೇ ನಿಂತ್ಕೊಂಡ್ತು. ಹೃದಯದ ಕಾಯಿಲೆಯಿಂದ ಸತ್ತೋರನ್ನ ಮಾತ್ರ ಎಣಿಸಿದ್ರೆ 27% ಕಮ್ಮಿ. ಪೇಪರ್‌ನೋರು ಈ 27ನ್ನ ದಪ್ಪಕ್ಷರದಲ್ಲಿ ಹಾಕಿ ಮೊದಲನೇದನ್ನ ನುಂಗಿದ್ರು. ಟ್ರಯಲ್ ಮುಖ್ಯವಾಗಿ ಉತ್ತರ ಹುಡುಕಿದ್ದು ಮೊದಲನೇ ಪ್ರಶ್ನೆಗೆ, ಎರಡನೇದು ಪಕ್ಕದ ಲೆಕ್ಕ, ಸುಳಿವು ಅನ್ನಬಹುದೇ ಹೊರತು ತೀರ್ಪು ಅನ್ನೋಕಾಗಲ್ಲ. ಇನ್ನೂ ಒಂದು, ಕ್ಯಾಪ್ಸೂಲಿಗೂ ಸ್ವಲ್ಪ ದುಡ್ಡಿಗೂ ಸಹಾಯ ಮಾಡಿದ್ದು ಚಾಕೊಲೇಟ್ ಕಂಪನಿ ಮಾರ್ಸ್‌ನೋರು. ಅಷ್ಟಕ್ಕೇ ಸುಳ್ಳು ಅನ್ನೋಕೆ ಹೋಗಬೇಡಿ, ಗೊತ್ತಿರಲಿ ಅಂತ ಹೇಳ್ದೆ.

ಮುಖ್ಯ ವಿಷಯ, ಅವ್ರಿಗೆ ಕೊಟ್ಟಿದ್ದು ಕ್ಯಾಪ್ಸೂಲ್. ಚಾಕೊಲೇಟ್ ಬಾರ್ ಅಲ್ವೇ ಅಲ್ಲ.

ಬಿಪಿ ಎಷ್ಟು ಇಳಿಯತ್ತೆ? ಮಾತ್ರೆ ನಿಲ್ಲಿಸ್ಬಹುದಾ?

2017ರಲ್ಲಿ ಕಾಕ್ರೇನ್ ಸಂಸ್ಥೆಯೋರು 35 ಟ್ರಯಲ್‌ಗಳನ್ನ ಒಟ್ಟು ಹಾಕಿ ನೋಡಿದ್ರು, ಮೇಲಿನ ಬಿಪಿ ಕೆಳಗಿನ ಬಿಪಿ ಎರಡೂ ಸರಾಸರಿ 2 ಪಾಯಿಂಟಿಗಿಂತ ಒಂಚೂರು ಕಮ್ಮಿ ಇಳಿದಿತ್ತು. 170 ಇರೋರಿಗೆ ಇದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ನಮ್ಮ ಅಂಗಡಿಗೆ ಬರೋ ಒಬ್ಬ ಯಜಮಾನ್ರು, ಟ್ರ್ಯಾಕ್ಟರ್ ಇಟ್ಕೊಂಡೋರು, ತಿಂಗಳು ತಿಂಗಳು ಬಿಪಿ ಮಾತ್ರೆ ಒಯ್ಯೋರು ಎರಡು ತಿಂಗಳು ಕಾಣ್ಲೇ ಇಲ್ಲ. ಸಂತೆ ದಿನ ಸಿಕ್ಕಾಗ ಕೇಳಿದ್ರೆ "ಮಗಳು ಬೆಂಗಳೂರಿಂದ ಕಪ್ಪು ಚಾಕಲೇಟ್ ಕಳಿಸ್ತಾಳಪ್ಪ, ಅದ್ರಲ್ಲೇ ಕಂಟ್ರೋಲ್ ಆಗತ್ತಂತೆ" ಅಂದ್ರು. ಅಂಗಡಿಗೆ ಕರ್ಕೊಂಡ್ ಬಂದು ಕೂರ್ಸಿ ಐದು ನಿಮಿಷ ಬಿಟ್ಟು ನೋಡಿದ್ರೆ 182/104. ಅವ್ರಿಗೆ ತಲೆನೋವೂ ಇಲ್ಲ ಸುತ್ತೂ ಇಲ್ಲ, ಆರಾಮಾಗಿ ನಗ್ತಾ ಕೂತಿದ್ರು. ಅದೇ ದಿನ ಡಾಕ್ಟ್ರ ಹತ್ರ ಕಳಿಸ್ದೆ, ಮಾತ್ರೆ ಮತ್ತೆ ಶುರುವಾಯ್ತು. ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ಸ್ಟೆಂಟ್ ಹಾಕಿದ್ಮೇಲೆ ಕೊಡೋ ರಕ್ತ ತೆಳುವಾಗಿಸೋ ಮಾತ್ರೆ ಇವನ್ನ ಯಾವ ತಿಂಡಿಗೋಸ್ಕರನೂ ಬಿಡಬೇಡಿ. ಸ್ಟೆಂಟ್ ಆಗಿರೋರು ಮಾತ್ರೆ ತಪ್ಪಿಸಿದ್ರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟೋ ಅಪಾಯ ಇದೆ.

ಪ್ಯಾಕೆಟ್ ಮೇಲೆ 70% ಅಂತ ಇದ್ರೆ ಸಾಕಲ್ವಾ?

ಸಾಲಲ್ಲ. 70% ಅಂದ್ರೆ ಕೋಕೋ ಬೀಜದಿಂದ ಬಂದಿದ್ದೆಲ್ಲಾ ಸೇರಿ 70 ಪಾಲು, ಕೋಕೋ ಬೆಣ್ಣೆ ಅಂದ್ರೆ ಬೀಜದ ಕೊಬ್ಬೂ ಅದ್ರಲ್ಲೇ. ಫ್ಲೇವನಾಲ್ ಎಷ್ಟು ಉಳ್ಕೊಂಡಿದೆ ಅಂತ ಆ ನಂಬರ್ ಹೇಳಲ್ಲ, ಒಂದೇ 70% ಇರೋ ಎರಡು ಬಾರಲ್ಲಿ ಅಜಗಜಾಂತರ ಇರಬಹುದು. ಆದ್ರೂ ಪರ್ಸೆಂಟ್ ಏರಿದಷ್ಟೂ ಸಕ್ಕರೆ ಇಳಿಯತ್ತಲ್ಲ, ಆ ಒಂದು ಲಾಭಕ್ಕೆ ನೋಡ್ಬಹುದು. ಮತ್ತೆ 100 ಗ್ರಾಂ ಡಾರ್ಕ್ ಚಾಕೊಲೇಟ್ ಅಂದ್ರೆ 550ರಿಂದ 600 ಕ್ಯಾಲೊರಿ, ಒಂದು ಊಟದಷ್ಟು. ಕೋಕೋ ಬೆಣ್ಣೆಯಲ್ಲಿ ಮೂರನೇ ಒಂದು ಭಾಗ ಸ್ಟಿಯರಿಕ್ ಆಸಿಡ್, ಅದು ಕೊಲೆಸ್ಟ್ರಾಲ್ ಅಷ್ಟಾಗಿ ಏರಿಸಲ್ಲ, ನಿಜ, ಆದ್ರೆ ಹೊಟ್ಟೆ ಬೆಳೆಸೋದ್ರಲ್ಲಿ ಕೊಬ್ಬು ಕೊಬ್ಬೇ.

ಹಂಗಾದ್ರೆ ಕೋಕೋ ಪೌಡರ್ ತಗೋಳ್ಳಾ? ಯಾವ್ದು?

ತಗೋಳೋದಾದ್ರೆ ಇದೇ ಸರಿ, ಆದ್ರೆ ಡಬ್ಬ ತಿರುಗಿಸಿ ಓದಿ. 19ನೇ ಶತಮಾನದಲ್ಲಿ ಹಾಲೆಂಡಿನ ವಾನ್ ಹೂಟೆನ್ ಮನೆಯೋರು ಕೋಕೋಗೆ ಕ್ಷಾರ ಹಾಕೋ ಪದ್ಧತಿ ತಂದ್ರು, ಅದಕ್ಕೇ ಡಚ್ ಕೋಕೋ ಅನ್ನೋದು. ಬಣ್ಣ ಕಪ್ಪಗೆ, ರುಚಿ ಮೆತ್ತಗೆ, ಹಾಲಲ್ಲಿ ಚೆನ್ನಾಗಿ ಬೆರೆಯತ್ತೆ, ಕೇಕ್ ಮಾಡೋರಿಗೆ ಇಷ್ಟ. ಬೆಲೆ ತೆತ್ತಿದ್ದು ಫ್ಲೇವನಾಲು. 2008ರಲ್ಲಿ ಅಳೆದು ನೋಡಿದ್ದು ಹೀಗಿದೆ, ಕ್ಷಾರ ಹಾಕದ ಪುಡಿಯಲ್ಲಿ ಗ್ರಾಮಿಗೆ ಸರಾಸರಿ 34.6 ಮಿಲಿಗ್ರಾಂ, ಸ್ವಲ್ಪ ಹಾಕಿದ್ರೆ 13.8, ಜಾಸ್ತಿ ಹಾಕಿದ್ರಲ್ಲಿ 3.9. ಈ ಲೆಕ್ಕ ಹಿಡ್ಕೊಂಡ್ರೆ 500 ಮಿಲಿಗ್ರಾಂ ಬೇಕಂದ್ರೆ ನ್ಯಾಚುರಲ್ ಪುಡಿ ಹತ್ತಿರ ಹತ್ತಿರ 15 ಗ್ರಾಂ ಸಾಕು, ಕಪ್ಪು ಪುಡಿಯಾದ್ರೆ ನೂರಿಪ್ಪತ್ತೆಂಟು ಗ್ರಾಂ ತಿನ್ನಬೇಕು, ಯಾರ ಕೈಲಾಗತ್ತೆ!

ಪದಾರ್ಥಗಳ ಪಟ್ಟಿಲಿ "ಅಸಿಡಿಟಿ ರೆಗ್ಯುಲೇಟರ್" ಅಂತಿದ್ದು ಪಕ್ಕದಲ್ಲಿ 500 ಅಥವಾ 501 ನಂಬರ್ ಇದ್ರೆ ಕ್ಷಾರ ಹಾಕಿದಾರೆ ಅಂತ. ಆಲ್ಕಲೈಸ್ಡ್ ಅಂತ ನೇರವಾಗಿ ಬರೆದಿದ್ರೂ ಅದೇ. ಅಡುಗೆಮನೇಲಿ ಬೆಳಕಿಗೆ ಹಿಡಿದು ನೋಡಿದ್ರೂ ಗೊತ್ತಾಗತ್ತೆ, ನ್ಯಾಚುರಲ್ ಪುಡಿ ತೆಳು ಕಂದು, ಸ್ವಲ್ಪ ಕೆಂಪು ಛಾಯೆ, ನಾಲಿಗೆ ಮೇಲಿಟ್ರೆ ಹುಳಿ-ಒಗರು, ಹಲಸಿನ ಕಾಯಿಯ ಮೇಣ ತಾಗಿದಂಗೆ ಹಿಡ್ಕೊಳತ್ತೆ. ಇನ್ನೊಂದು ಕಾಡಿಗೆ ತರ ಕಪ್ಪು, ಒಗರೇ ಇಲ್ಲ.

ಡ್ರಿಂಕಿಂಗ್ ಚಾಕೊಲೇಟ್, ಮಕ್ಕಳ ಹೆಲ್ತ್ ಡ್ರಿಂಕ್ ಇವನ್ನ ಕೋಕೋ ಪೌಡರ್ ಅನ್ಕೊಂಡು ಒಯ್ಬೇಡಿ. ಪಟ್ಟಿಲಿ ಮೊದಲು ಬರೋ ಹೆಸರೇ ಜಾಸ್ತಿ ಇರೋದು, ಅಲ್ಲಿ ಸಕ್ಕರೆನೋ ಮಾಲ್ಟೋ ಇರತ್ತೆ.

ಸರ್ಕಾರದೋರು ಯಾರಾದ್ರೂ ಒಪ್ಪಿದಾರಾ?

ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2012ರಲ್ಲಿ, ದಿನಕ್ಕೆ 200 ಮಿಲಿಗ್ರಾಂ ಕೋಕೋ ಫ್ಲೇವನಾಲ್ ರಕ್ತನಾಳದ ಬಾಗುಗುಣ ಕಾಪಾಡೋಕೆ ಸಹಾಯ ಮಾಡತ್ತೆ ಅಂತ ಒಪ್ತು. ಅಮೆರಿಕದ ಆಹಾರ-ಔಷಧ ಸಂಸ್ಥೆ ಎಫ್‌ಡಿಎ 2023ರಲ್ಲಿ ಕನಿಷ್ಠ 4% ಫ್ಲೇವನಾಲ್ ಇರೋ ವಿಶೇಷ ಕೋಕೋ ಪುಡಿಗೆ ಮಾತ್ರ ಹಾರ್ಟಿಗೆ ಒಳ್ಳೇದಿರಬಹುದು ಅಂತ ಲೇಬಲ್ ಮೇಲೆ ಹಾಕೋಕೆ ಒಪ್ತು, ಅದೂ "ಆಧಾರ ಬಹಳ ಸೀಮಿತ" ಅನ್ನೋ ಮಾತು ಸೇರಿಸಿಯೇ ಬರೀಬೇಕು ಅಂತ ಬಿಡ್ತು. ಮಾಮೂಲಿ ಕೋಕೋ ಪುಡಿಗೂ ಇಲ್ಲ, ಚಾಕೊಲೇಟಿಗೂ ಇಲ್ಲ.

ನಮ್ಮ ತೋಟದಲ್ಲೇ ಕೋಕೋ ಇದೆ, ಮನೇಲೇ ಪುಡಿ ಮಾಡ್ಕೋಬಹುದಾ?

ಸಕಲೇಶಪುರ, ಮೂಡಿಗೆರೆ ಕಡೆಯೋರು ಕೇಳೋದು ಇದು. ಮೂಡಿಗೆರೆ ಹತ್ರ ನಮ್ಮ ಮಾವನ ಅಡಿಕೆ ತೋಟದ ಮಧ್ಯೆ ಒಂದು ನಲವತ್ತು ಕೋಕೋ ಗಿಡ ಇದೆ. ಮುಂಚೆ ಅಳಿಲಿಗೂ ಮಂಗಕ್ಕೂ ಆಗಿ ಮಿಕ್ಕಿದ್ದು ನಮಗೆ ಅಂತ ಬಿಟ್ಟಿದ್ರು, 2024ರಲ್ಲಿ ನ್ಯೂಯಾರ್ಕ್ ಮಾರ್ಕೆಟಲ್ಲಿ ಟನ್ನಿಗೆ 12,000 ಡಾಲರ್ ದಾಟಿದ್ಮೇಲೆ ಮಂಗನ ಮೇಲೆ ಕೋಪ ಜಾಸ್ತಿ ಆಯ್ತು. ಘಾಟ್ ಇಳಿದ್ರೆ ಪುತ್ತೂರಲ್ಲಿ ಕ್ಯಾಂಪ್ಕೊದೋರ ಚಾಕೊಲೇಟ್ ಫ್ಯಾಕ್ಟ್ರಿ 1986ರಿಂದ ಇದೆ.

ಹೋದ ವರ್ಷ ನಾನೂ ಅತ್ತೆನೂ ಸೇರಿ ಮಾಡಿ ನೋಡಿದ್ವಿ. ಹಳದಿ ತಿರುಗಿದ ಕಾಯಿ ಕಲ್ಲಿಗೆ ಕುಟ್ಟಿ ಒಡೆದ್ರೆ ಒಳಗೆ ಸೀತಾಫಲದ ತೊಳೆ ತರ ಬಿಳಿ ಲೋಳೆ, ಸಿಹಿ-ಹುಳಿ, ಮಕ್ಕಳು ಚೀಪ್ತಾ ಕೂತ್ರು. ಒಂದು ಹಸಿ ಬೀಜ ಕತ್ತರಿಸಿದ್ರೆ ಒಳಗಡೆ ನೇರಳೆ ಬಣ್ಣ, ಕಚ್ಚಿದ್ರೆ ಬಾಯೆಲ್ಲಾ ಒಗರು, ನಿಮ್ಮ ಫ್ಲೇವನಾಲ್ ಅದೇ. ಲೋಳೆ ಸಮೇತ ಬುಟ್ಟಿಗೆ ತುಂಬಿ ಬಾಳೆಎಲೆ ಮುಚ್ಚಿ ಆರು ದಿನ ಇಟ್ವಿ, ಎರಡು ದಿನಕ್ಕೊಮ್ಮೆ ತಿರುವೋದು, ಮೂರನೇ ದಿನ ಕೈ ಹಾಕಿದ್ರೆ ಬಿಸಿನೀರ ಹಂಡೆಗೆ ಕೈ ಹಾಕ್ದಂಗೆ, ವಿನೆಗರ್ ವಾಸನೆ ಬೇರೆ. ಒಣಗಿಸಿ ಕತ್ತರಿಸಿದ್ರೆ ನೇರಳೆ ಹೋಗಿ ಕಂದು ಬಂದಿತ್ತು, ಒಗರು ಅರ್ಧ ಇಳಿದಿತ್ತು. ಬಾಣಲೇಲಿ ಹುರಿದು ಸಿಪ್ಪೆ ಕೇರಿ ಮಿಕ್ಸಿಗೆ ಹಾಕಿದ್ವಿ, ಪುಡಿ ಆಗತ್ತೆ ಅನ್ಕೊಂಡ್ರೆ ಎರಡು ನಿಮಿಷಕ್ಕೆ ಗೊಬ್ಬರದ ಗುಂಡಿ ಕೆಸರಿನ ತರ ಆಗಿ ಬ್ಲೇಡೇ ಹಿಡ್ಕೊಂಡ್ತು, ಯಾಕಂದ್ರೆ ಬೀಜದಲ್ಲಿ ಅರ್ಧಕ್ಕರ್ಧ ಕೊಬ್ಬು, ಫ್ಯಾಕ್ಟ್ರಿಲಿ ಆ ಬೆಣ್ಣೆ ಹಿಂಡಿ ತೆಗೆದ್ಮೇಲೇ ಪುಡಿ ಆಗೋದು. ಅತ್ತೆ ಜಾರ್ ತೊಳೆಯೋಕೆ ಬಿಸಿನೀರು ಕಾಯಿಸ್ತಾ "ನಿನ್ನ ಹಾರ್ಟು ನನ್ನ ಮಿಕ್ಸಿ ತಿಂತು" ಅಂದ್ರು. ಆ ಮುದ್ದೆನೇ ಒಂಚೂರು ಬಿಸಿನೀರಿಗೆ ಕದಡಿ ಕುಡೀಬಹುದು, ತಪ್ಪಿಲ್ಲ. ಒಣಗಿಸಿದ ಬೀಜ ಮಾತ್ರ ಹುರೀದೇ ತಿನ್ಬೇಡಿ, ನೆಲದ ಮೇಲೆ ಒಣಗಿದ್ದಕ್ಕೆ ಏನೇನು ಸೋಂಕು ತಾಗಿರತ್ತೋ.

ಡಾರ್ಕ್ ಚಾಕೊಲೇಟಲ್ಲಿ ಸೀಸ ಇದೆ ಅಂತಾರಲ್ಲ?

2022ರ ಕೊನೇಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್‌ನೋರು 28 ಡಾರ್ಕ್ ಚಾಕೊಲೇಟ್ ಪರೀಕ್ಷೆ ಮಾಡಿದ್ರೆ ಎಲ್ಲದರಲ್ಲೂ ಸೀಸ, ಕ್ಯಾಡ್ಮಿಯಂ ಸಿಕ್ತು, 23ರಲ್ಲಿ ಯೋಚಿಸೋ ಮಟ್ಟದಲ್ಲಿ. ಕ್ಯಾಡ್ಮಿಯಂ ಮಣ್ಣಿಂದ ಬೇರಿನ ಮೂಲಕ ಬರತ್ತೆ, ಸೀಸ ಹೆಚ್ಚಾಗಿ ಕೊಯ್ದ ಮೇಲೆ, ಒಣಗಿಸುವಾಗ ಧೂಳಿಂದ. ರಸ್ತೆ ಬದಿ ಟಾರ್ಪಾಲಲ್ಲಿ ಒಣಗಿಸೋದು ನಿಲ್ಲಿಸಿ ಅಂತ ಮಾವನಿಗೆ ಹೇಳಿದೀನಿ, ಅಂಗಳದಲ್ಲಿ ಕಾಫಿ ಹರಡಿರೋದ್ರಿಂದ ಜಾಗ ಇಲ್ವಂತೆ. ಗರ್ಭಿಣಿಯರು, ಚಿಕ್ಕ ಮಕ್ಕಳು ದಿನಾ ತಿನ್ನೋದು ಬೇಡ. ಅಪರೂಪಕ್ಕೆ ಒಂದು ತುಂಡಿಗೆ ಹೆದರಬೇಡಿ.

ಚಿಕ್ಕಮಗಳೂರಿಗೆ ಟ್ರಿಪ್ ಹೋದಾಗ ಹೋಂಮೇಡ್ ಚಾಕೊಲೇಟ್ ತಂದಿದೀವಿ, ಅದು?

ಮುಳ್ಳಯ್ಯನಗಿರಿ ನೋಡಿ ಬರ್ತಾ ಕಾಲು ಕೆಜಿ, ಅರ್ಧ ಕೆಜಿ ಕಟ್ಟಿಸ್ಕೊಂಡು ಬರ್ತಾರಲ್ಲ, ಅದರಲ್ಲಿ ಬಹಳಷ್ಟು ಕಾಂಪೌಂಡ್. ರೆಡಿಮೇಡ್ ಸ್ಲ್ಯಾಬ್ ಕರಗಿಸಿ, ಗೋಡಂಬಿ ದ್ರಾಕ್ಷಿ ಸೇರಿಸಿ ಅಚ್ಚಿಗೆ ಹಾಕಿರ್ತಾರೆ. ಕಾಂಪೌಂಡಲ್ಲಿ ಕೋಕೋ ಬೆಣ್ಣೆ ಬದಲು ಅಗ್ಗದ ಎಣ್ಣೆ ಕೊಬ್ಬು, ಪಾಮ್ ಕಾಳಿನ ಎಣ್ಣೆ ತರದ್ದು, ಅದು ಕೆಟ್ಟ ಕೊಲೆಸ್ಟ್ರಾಲ್ ಏರಿಸತ್ತೆ. ಟ್ರಾನ್ಸ್ ಫ್ಯಾಟಿಗೆ ನಮ್ಮ ದೇಶದಲ್ಲಿ 2022ರಿಂದ 2% ಮಿತಿ ಇದೆ, ಆದ್ರೆ ಲೇಬಲ್ಲೇ ಇಲ್ಲದ ಪೊಟ್ಟಣದಲ್ಲಿ ಏನಿದೆ ಅಂತ ಓದೋದು ಹೇಗೆ. ಖುಷಿಗೆ ತಿನ್ನಿ, ಮಕ್ಕಳಿಗೂ ಕೊಡಿ, ಹಾರ್ಟ್ ಹೆಸರಲ್ಲಿ ಮಾತ್ರ ಬೇಡ.

ಶುಗರ್ ಇದೆ, ತಿನ್ಬಹುದಾ?

2024ರ ಕೊನೇಲಿ ಬಿಎಂಜೆ ಪತ್ರಿಕೆಲಿ ಬಂದ ಅಮೆರಿಕದ ಅಧ್ಯಯನದಲ್ಲಿ ವಾರಕ್ಕೆ ಐದು ಸಲ ಅಥವಾ ಜಾಸ್ತಿ ಡಾರ್ಕ್ ಚಾಕೊಲೇಟ್ ತಿನ್ನೋರಿಗೆ ಶುಗರ್ ಬರೋ ಅಪಾಯ 21% ಕಮ್ಮಿ ಕಂಡಿತ್ತು, ಮಿಲ್ಕ್ ಚಾಕೊಲೇಟಲ್ಲಿ ಆ ಲಾಭ ಇಲ್ಲ, ತೂಕ ಮಾತ್ರ ಏರಿತ್ತು. ಇದೂ ಕೂನಾ ಜನರ ಕತೆ ತರ, ಬರೀ ಗಮನಿಸಿದ್ದು. ಶುಗರ್ ಈಗಾಗ್ಲೇ ಬಂದಿರೋರಿಗೆ ಇದು ಅನ್ವಯ ಆಗಲ್ಲ. ಸಕ್ಕರೆ ಹಾಕದ ಕೋಕೋ ಒಂದು ಚಮಚ ಪರವಾಗಿಲ್ಲ, ಬಾರ್ ಆದ್ರೆ ಕಾರ್ಬ್ ಲೆಕ್ಕ ನೋಡ್ಕೊಂಡು.

ಒಂದು ಎಚ್ಚರಿಕೆ. ಇನ್ಸುಲಿನ್ ತಗೊಂಡು ಶುಗರ್ ಲೋ ಆಗಿ ಕೈ ನಡುಗಿ ಬೆವರಿದ್ರೆ ಚಾಕೊಲೇಟ್ ಬಾಯಿಗೆ ಹಾಕಬೇಡಿ, ಅದರ ಕೊಬ್ಬಿಂದ ಸಕ್ಕರೆ ರಕ್ತಕ್ಕೆ ನಿಧಾನ ಏರತ್ತೆ. ಗ್ಲೂಕೋಸ್ ಪುಡಿ ಇಲ್ಲಾ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡೀರಿ.

ಹಾಲಿಗೆ ಹಾಕಿ ಕುಡಿದ್ರೆ ಸತ್ವ ಹೋಗತ್ತಾ?

ಇದ್ರಲ್ಲಿ ವಿಜ್ಞಾನಿಗಳು ಎತ್ತು ಏರಿಗೆ ಕೋಣ ನೀರಿಗೆ. 2003ರಲ್ಲಿ ಒಂದು ಅಧ್ಯಯನ ಹಾಲು ತಡೆಯತ್ತೆ ಅಂತು, ಆಮೇಲೆ ಬಂದವು ಅಷ್ಟೇನಿಲ್ಲ ಅಂದ್ವು. ಬಾಳೆಹಣ್ಣಿನ ವಿಷಯ ಮಾತ್ರ ಮಜವಾಗಿದೆ. ಬಾಳೆಹಣ್ಣು ಹೆಚ್ಚಿಟ್ರೆ ಕಪ್ಪಾಗೋಕೆ ಕಾರಣ ಆಗೋ ಒಂದು ಕಿಣ್ವ ಇದ್ಯಲ್ಲ, ಅದೇ ಫ್ಲೇವನಾಲನ್ನೂ ಹಾಳು ಮಾಡತ್ತೆ. 2023ರಲ್ಲಿ ಪರೀಕ್ಷೆ ಮಾಡಿದಾಗ ಬಾಳೆಹಣ್ಣಿನ ಸ್ಮೂದಿ ಕುಡಿದೋರ ರಕ್ತದಲ್ಲಿ ಫ್ಲೇವನಾಲ್ 84% ಕಮ್ಮಿ ಇತ್ತು. ಜಿಮ್ ಹುಡುಗ್ರು ಬಾಳೆಹಣ್ಣು-ಕೋಕೋ ಶೇಕ್ ಅಂತ ಕುಡೀತಾರೆ, ರುಚಿಗೆ ಕುಡೀರಪ್ಪ.

ತಿಂದ್ರೆ ತೂಕ ಇಳಿಯತ್ತಂತೆ?

ಸುಳ್ಳು, ಅದೂ ಬೇಕು ಅಂತಲೇ ಹುಟ್ಟಿಸಿದ ಸುಳ್ಳು. 2015ರಲ್ಲಿ ಜಾನ್ ಬೊಹಾನನ್ ಅನ್ನೋ ಪತ್ರಕರ್ತರು, ಕಳಪೆ ಸಂಶೋಧನೆನ ಮೀಡಿಯಾ ಎಷ್ಟು ಸುಲಭವಾಗಿ ನುಂಗತ್ತೆ ಅಂತ ತೋರ್ಸೋಕೆ, ಹದಿನೈದು ಹದಿನಾರು ಜನನ ಇಟ್ಕೊಂಡು ಚಾಕೊಲೇಟ್ ಡಯಟ್ ಟ್ರಯಲ್ ಮಾಡಿ ಒಂದು ಜರ್ನಲಲ್ಲಿ ಹಾಕಿಸಿದ್ರು. ಎಷ್ಟೋ ದೇಶದ ಪೇಪರಲ್ಲಿ ಬಂತು. ಆಮೇಲೆ ಅವ್ರೇ ಗುಟ್ಟು ಬಿಟ್ಕೊಟ್ರು, ಆದ್ರೆ ಫಾರ್ವರ್ಡ್ ಇನ್ನೂ ಬರ್ತಾ ಇದೆ.

ಯಾರು ದೂರ ಇರಬೇಕು?

ಕಿಡ್ನಿ ತೊಂದ್ರೆ ಇರೋರು, ಕಿಡ್ನಿ ಸ್ಟೋನ್ ಪದೇ ಪದೇ ಆಗೋರು, ಕೋಕೋದಲ್ಲಿ ಪೊಟ್ಯಾಶಿಯಂ, ಆಕ್ಸಲೇಟ್ ಜಾಸ್ತಿ. ಎದೆಯುರಿ, ಹುಳಿತೇಗು ಇರೋರಿಗೆ ಜಾಸ್ತಿ ಆಗಬಹುದು. ಕೆಲವರಿಗೆ ಮೈಗ್ರೇನ್ ಕೆರಳತ್ತೆ. ಕೆಫೀನ್ ಇದೆ, ಆದ್ರೆ ನಮ್ಮ ಕಡೆ ಡಿಕಾಕ್ಷನ್ ಮುಂದೆ ಅದು ಲೆಕ್ಕಕ್ಕಿಲ್ಲ.

ಕಾಫಿ ಬಿಟ್ಟು ಕೋಕೋ ಕುಡೀಲಾ?

ಕಾಫಿ ಸೀಮೇಲಿ ಹುಟ್ಟಿ ಇದೇನ್ ಪ್ರಶ್ನೆ. ಬೇಡ. ಸಕ್ಕರೆ ಒಂದು ಚಮಚ ಕಮ್ಮಿ ಮಾಡ್ಕೊಳಿ ಸಾಕು.

ದಿನಾ ಎಷ್ಟು ತಗೋಬೇಕು ಹೇಳ್ಬಿಡಿ ಅಂದ್ರೆ?

ತಗೋಳ್ಳೇಬೇಕು ಅಂತೇನಿಲ್ಲ. ಇಷ್ಟ ಇದ್ರೆ ನ್ಯಾಚುರಲ್ ಕೋಕೋ ಒಂದೆರಡು ಚಮಚ, ಇಲ್ಲಾ 70% ಮೇಲಿನ ಬಾರಲ್ಲಿ ಎರಡು ಸಣ್ಣ ತುಂಡು, ಅದೂ ಬೇರೆ ಸಿಹಿ ಬಿಟ್ಟು ಅದರ ಜಾಗಕ್ಕೆ. ಊಟದ ಮೇಲೆ ಮೈಸೂರ್‌ಪಾಕೂ ಇರಲಿ ಚಾಕೊಲೇಟೂ ಇರಲಿ ಅಂದ್ರೆ ಆಗಲ್ಲ. ದುಡ್ಡು ಉಳಿಸೋರು ಸೇಬು, ದ್ರಾಕ್ಷಿ, ಟೀ ನೋಡಿ, ಫ್ಲೇವನಾಲ್ ಅದ್ರಲ್ಲೂ ಇದೆ. ಬೀಡಿ ಸಿಗರೇಟ್ ಸೇದ್ತಾ ಇದನ್ನ ಕೇಳ್ಬೇಡಿ ಅಷ್ಟೇ, ನಾನು ಉತ್ತರ ಕೊಡಲ್ಲ.

ಎದೆನೋವು ಬಂದಾಗ ಒಂದು ತುಂಡು ತಿಂದ್ರೆ?

ಇದನ್ನೂ ಕೇಳಿದಾರೆ, ನಂಬಿ. ಎದೆ ಒತ್ತಿದಂಗೆ, ನೋವು ಎಡಗೈಗೋ ದವಡೆಗೋ ಹರಿದು, ತಣ್ಣಗೆ ಬೆವರಿದ್ರೆ ಚಾಕೊಲೇಟೂ ಬೇಡ, ಸೋಡಾನೂ ಬೇಡ, ಗ್ಯಾಸ್ಟ್ರಿಕ್ ಮಾತ್ರೆ ಕೇಳ್ಕೊಂಡು ನನ್ನಂಗಡಿಗೂ ಬರಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಆಗೋ ಹತ್ತಿರದ ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೇಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದ್ರೆ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡೋ ವ್ಯವಸ್ಥೆ ಇದೆ. ಮೊದಲ ಒಂದು ಗಂಟೆ ಬಹಳ ಮುಖ್ಯ, ನಮ್ಮ ಜನ ಅದನ್ನ ಎದೆಗೆ ಅಮೃತಾಂಜನ ತಿಕ್ಕೋದ್ರಲ್ಲೇ ಕಳೀತಾರೆ.

ತಿನ್ನೋಕಾಗ್ಲಿಲ್ಲ, ತುಂಬಾ ಕಹಿ, ಮಿಕ್ಕಿದ್ದು ನಾಯಿಗೆ ಹಾಕ್ಲಾ?

ಬೇಡ್ವೇ ಬೇಡ. ಕೋಕೋದಲ್ಲಿರೋ ಥಿಯೋಬ್ರೊಮಿನ್ ನಾಯಿಗೆ ವಿಷ, ಡಾರ್ಕ್ ಆದಷ್ಟೂ ಜಾಸ್ತಿ. ಪಕ್ಕದ ಮನೆಯೋರಿಗೆ ಕೊಡಿ.